ಅಹವಾಲಿನಿಂದ ಜವಾಬ್ದಾರಿ ಸರ್ಕಾರಕ್ಕೆ ಅರವತ್ತಾರು ವರ್ಷ

ಮಂಡ್ಯ ಸೀಮೆಯ ನಮ್ಮ ಮನೆಯಲ್ಲಿ ದೇವರ ಪಟಗಳ ಸಾಲಿನಲ್ಲೇ ನಾಲ್ವಡಿ ಕೃಷ್ಣರಾಜ ಒಡೆಯರ ಪಟವೂ ಇದೆ. ಅಜ್ಜಿ ಇರುವವರೆಗೂ ಅದಕ್ಕೆ ದಿನವೂ ಹೂವು ಏರುತ್ತಿತ್ತು. ಕನ್ನಂಬಾಡಿ ಕಟ್ಟೆಯ ನೀರು ನಾಲೆಗೆ ಬಂದ ಮೇಲೆ ಹೊಲ ಗದ್ದೆಯಾದ ಕುಟುಂಬ ನಮ್ಮದು. ಆ ಋಣವನ್ನು ನಾನು ಮರೆತವನಲ್ಲ. ಆದರೆ ಈಚೆಗೆ "ರಾಜರ ಕಾಲವೇ ಚೆನ್ನಾಗಿತ್ತು, ಈ ಚುನಾವಣೆಯೆಲ್ಲ ದಂಡ" ಎನ್ನುವ ಬರಹಗಳು ದಿನಕ್ಕೊಂದರಂತೆ ಕಣ್ಣಿಗೆ ಬೀಳುತ್ತಿವೆ. ಹಂಚಿಕೊಳ್ಳುತ್ತಿರುವವರಲ್ಲಿ ನನ್ನ ಜೊತೆ ಓದಿದವರೂ ಇದ್ದಾರೆ. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಆಡಳಿತ ಪದ್ಧತಿಗಳನ್ನು ಹೋಲಿಸಿ ನೋಡಲು ನಾವು ಇಂಗ್ಲೆಂಡು, ಅಮೆರಿಕ ಎಂದು ಅಲೆಯಬೇಕಾಗಿಲ್ಲ. ಹಳೆ ಮೈಸೂರಿನ ನೆಲವೇ ನೂರಿಪ್ಪತ್ತು ವರ್ಷಗಳೊಳಗೆ ನಾಲ್ಕು ಬಗೆಯ ಆಡಳಿತವನ್ನು ಕಂಡಿದೆ. 1830ರಲ್ಲಿ ಕಂದಾಯದ ಹೊರೆ, ಅಧಿಕಾರಿಗಳ ಕಿರುಕುಳ ತಾಳಲಾರದೆ ಈಗಿನ ಶಿವಮೊಗ್ಗ ಕಡೆಯ ನಗರ ಸೀಮೆಯ ರೈತರು ಕೂಟ ಸೇರಿದರು, ದಂಗೆ ಎದ್ದರು. ಹೇಳಿಕೊಳ್ಳಲು ಅವರಿಗೆ ಬೇರೆ ಜಾಗವೇ ಇರಲಿಲ್ಲ. ಅದನ್ನೇ ನೆಪಮಾಡಿಕೊಂಡು 1831ರಲ್ಲಿ ಬ್ರಿಟಿಷರು ಆಗಿನ ಅರಸರಾದ ಮುಮ್ಮಡಿ ಕೃಷ್ಣರಾಜ ಒಡೆಯರಿಂದ ಅಧಿಕಾರ ಕಿತ್ತುಕೊಂಡು ಕಮಿಷನರುಗಳ ಕೈಗೆ ಕೊಟ್ಟರು. ಐವತ್ತು ವರ್ಷದ ಮೇಲೆ, 1881ರಲ್ಲಿ, ಒಡೆಯರ ಮನೆತನಕ್ಕೆ ಹಿಂತಿರುಗಿಸಿದರು. ಕಿತ್ತುಕೊಳ್ಳುವಾಗಲೂ ಕೊಡುವಾಗಲೂ ಪ್ರಜೆಗಳನ್ನು ಒಂದು ಮಾತು ಕೇಳಲಿಲ್ಲ.

ಆಮೇಲೆ ನಡೆದದ್ದು ನಾನು ಹೆಮ್ಮೆಪಡುವ ಸಂಗತಿ. ಅದೇ ವರ್ಷ ಅಕ್ಟೋಬರಿನಲ್ಲಿ ದಿವಾನ್ ರಂಗಾಚಾರ್ಲು ಅವರು ಪ್ರಜಾ ಪ್ರತಿನಿಧಿ ಸಭೆಯನ್ನು ಕರೆದರು. ತಾಲ್ಲೂಕು ತಾಲ್ಲೂಕಿನಿಂದ ರೈತರು, ವ್ಯಾಪಾರಿಗಳು, ಒಟ್ಟು 144 ಮಂದಿ, ದಸರೆಯ ಹೊತ್ತಿಗೆ ಮೈಸೂರಿಗೆ ಬಂದರು. ರಾಜ್ಯದ ಆದಾಯವೆಷ್ಟು, ಖರ್ಚೆಷ್ಟು ಎಂದು ದಿವಾನರು ಅವರ ಮುಂದೆ ಲೆಕ್ಕ ಒಪ್ಪಿಸಿದರು. ದೇಶದ ಬೇರೆ ಸಂಸ್ಥಾನಗಳಲ್ಲಿ ಆಗ ಕಂಡರಿಯದ ಮಾತು ಅದು. 1891ರಲ್ಲಿ ಚುನಾವಣೆಯೂ ಬಂತು, ಆಸ್ತಿ ಇದ್ದವರಿಗೆ ಮಾತ್ರ. ಆದರೂ ಆ ಸಭೆ ಮಾಡಬಹುದಾಗಿದ್ದು ಅಹವಾಲು ಹೇಳಿಕೊಳ್ಳುವುದನ್ನು. ಕೆರೆ ಹೂಳು, ಕಂದಾಯ, ರಸ್ತೆ, ಎಲ್ಲವನ್ನೂ ಹೇಳಬಹುದಿತ್ತು. ಕೇಳಿಸಿಕೊಂಡು ನಡೆಸಿಕೊಡುವುದು, ಬಿಡುವುದು ದಿವಾನರ ಚಿತ್ತ. ದಿವಾನರನ್ನು ಇಳಿಸುವ ಅಧಿಕಾರ ಸಭೆಗೆ ಇರಲಿಲ್ಲ.

1938ರ ಏಪ್ರಿಲ್ 25ರಂದು ಗೌರಿಬಿದನೂರು ಬಳಿಯ ವಿದುರಾಶ್ವತ್ಥದಲ್ಲಿ ಕಾಂಗ್ರೆಸ್ ಬಾವುಟ ಹಿಡಿದು ಸೇರಿದ್ದ ಜನರ ಮೇಲೆ ಗುಂಡು ಹಾರಿತು. ಆಗ ಸಿಂಹಾಸನದಲ್ಲಿದ್ದವರು ನಮ್ಮ ಮನೆಯ ಪಟದಲ್ಲಿರುವ ಅದೇ ನಾಲ್ವಡಿಯವರು. ಇದನ್ನು ಬರೆಯುವಾಗ ನನ್ನ ಕೈ ತಡೆಯುತ್ತದೆ, ಆದರೂ ಬರೆಯಬೇಕು. ಅಷ್ಟು ಒಳ್ಳೆಯ ಅರಸರ ಕಾಲದಲ್ಲೂ ಜನ ಜವಾಬ್ದಾರಿ ಸರ್ಕಾರ, ಅಂದರೆ ಜನಪ್ರತಿನಿಧಿಗಳಿಗೆ ಉತ್ತರ ಕೊಡಬೇಕಾದ ಸರ್ಕಾರ, ಬೇಕೆಂದು ಪ್ರಾಣ ಕೊಟ್ಟರು. ಅದು ಕೈಗೆ ಬಂದದ್ದು ಮೈಸೂರು ಚಲೋ ಚಳವಳಿಯ ನಂತರ, 1947ರ ಅಕ್ಟೋಬರಿನಲ್ಲಿ, ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲದ ರೂಪದಲ್ಲಿ.

ಇನ್ನು ಕಲಬುರಗಿ, ಬೀದರ್ ಕಡೆಯ ಹಿರಿಯರನ್ನು ರಾಜರ ಕಾಲದ ಬಗ್ಗೆ ಕೇಳಿ ನೋಡಿ. ಅವರು ಹೇಳುವುದು ಹೈದರಾಬಾದ್ ನಿಜಾಮನ ಪರವಾಗಿದ್ದ ಶಸ್ತ್ರಧಾರಿ ಪಡೆ ರಜಾಕಾರರ ಹಾವಳಿಯ ಕಥೆ. ಅಲ್ಲೂ ರಾಜಪ್ರಭುತ್ವ, ಇಲ್ಲೂ ರಾಜಪ್ರಭುತ್ವ. ನಮ್ಮ ಪಾಲಿಗೆ ಒಡೆಯರು ಸಿಕ್ಕರು, ಅವರ ಪಾಲಿಗೆ ನಿಜಾಮ ಸಿಕ್ಕ. ಸಿಕ್ಕವರಲ್ಲೇ ತೃಪ್ತಿಪಡಬೇಕು ಎನ್ನುವ ಪದ್ಧತಿಯನ್ನು ನಾನು ಒಪ್ಪಲಾರೆ.

ಇಷ್ಟೆಲ್ಲ ಹೇಳಲು ಕಾರಣವಿದೆ. ನಮ್ಮ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳಿಗೆ ಚುನಾವಣೆ ನಡೆದದ್ದು 2016ರಲ್ಲಿ. 2021ರಲ್ಲಿ ಅವಧಿ ಮುಗಿಯಿತು. ಅವಧಿ ಮುಗಿಯುವ ಮೊದಲೇ ಚುನಾವಣೆ ಆಗಬೇಕು ಎಂದು ಸಂವಿಧಾನ ಹೇಳುತ್ತದೆ. ಆಗಲಿಲ್ಲ, ವರ್ಷಗಟ್ಟಲೆ ಅಧಿಕಾರಿಗಳೇ ನಡೆಸಿಕೊಂಡು ಹೋದರು. ಆ ದಿನಗಳಲ್ಲಿ ಒಮ್ಮೆ ಅಹವಾಲು ಸ್ವೀಕಾರದ ಸಭೆಗೆ ಹೋಗಿದ್ದೆ. ಶಾಮಿಯಾನದ ಕೆಳಗೆ ಉದ್ದನೆಯ ಸಾಲು. ನನ್ನ ಮುಂದಿದ್ದ ಹಿರಿಯರು ಅರ್ಜಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಎದೆಗೊತ್ತಿ ಹಿಡಿದಿದ್ದರು. ಊರಿನ ಕಾಲುವೆ ಒಡೆದಿತ್ತು, ಅದು ಅವರ ಮೂರನೆಯ ಅರ್ಜಿ. "ನಮ್ಮ ಜಿಲ್ಲಾ ಪಂಚಾಯಿತಿ ಮೆಂಬರು ಈಗ ಯಾರಪ್ಪಾ?" ಎಂದು ಕೇಳಿದರು. ಹೇಳಲು ಹೆಸರೇ ಇರಲಿಲ್ಲ. ಎದುರಿಗೆ ದಿವಾನರ ಬದಲು ಅಧಿಕಾರಿ ಕುಳಿತಿದ್ದರು, ಅಷ್ಟೇ ವ್ಯತ್ಯಾಸ.

ನಾಲ್ವಡಿಯವರ ಪಟ ಹಂಚಿಕೊಳ್ಳುವ ಗೆಳೆಯರೇ, ಹಂಚಿಕೊಳ್ಳಿ, ನಾನೂ ಕೈಮುಗಿಯುತ್ತೇನೆ. ಜೊತೆಗೆ ನಿಮ್ಮ ಶಾಸಕರು ಎದುರಾದಾಗ, ನಮ್ಮ ಸದಸ್ಯರನ್ನು ನಾವೇ ಆರಿಸುವ ಚುನಾವಣೆಯನ್ನು ಅಷ್ಟು ವರ್ಷ ಏಕೆ ತಡೆದಿರಿ ಎಂದೂ ಕೇಳಿ.