ದಸರಾ ರಜೆಗೆ ಸರಿಯಾಗಿ ಬರುವ ದೈವಕರೆ

ದೇವರ ಕರೆ ಯಾವ ಗಳಿಗೆಯಲ್ಲಿ ಬರುತ್ತದೆಂಬುದನ್ನು ಮನುಷ್ಯಮಾತ್ರರು ಮೊದಲೇ ಅರಿಯಲಾರರು ಎಂದು ನಮ್ಮ ಹಿರಿಯರು ನಂಬಿಕೊಂಡಿದ್ದರು. ಬೆಂಗಳೂರಿನ ಅನುಕೂಲಸ್ಥ ಕ್ರೈಸ್ತ ಸಭೆಗಳು ಈ ಅನಿಶ್ಚಯವನ್ನು ಸಂಪೂರ್ಣವಾಗಿ ನಿವಾರಿಸಿವೆ. ಕೀನ್ಯಾದ ಬಡವರ ಸೇವೆಗೆ ಹೊರಡಬೇಕೆಂಬ ಕರೆಯು ಮಕ್ಕಳ ಅರ್ಧವಾರ್ಷಿಕ ಪರೀಕ್ಷೆ ಮುಗಿದು ದಸರಾ ರಜೆ ಆರಂಭವಾಗುವ ದಿನಕ್ಕೆ ಸರಿಯಾಗಿ ಬರುತ್ತದೆ. ಕಂಪನಿಯಲ್ಲಿ ಗಳಿಕೆ ರಜೆ ಎಷ್ಟು ಉಳಿದಿದೆಯೋ ಅಷ್ಟೇ ದಿನ, ಎಂದರೆ ಹತ್ತು ದಿನ, ಇರುತ್ತದೆ. ಅಲ್ಲಿನ ಮಸಾಯಿ ಮಾರಾ ಅಭಯಾರಣ್ಯದಲ್ಲಿ ಜುಲೈಯಿಂದ ಅಕ್ಟೋಬರ್‌ವರೆಗೆ ಕಾಣಸಿಗುವ ಕಾಡುಪ್ರಾಣಿಗಳ ಮಹಾವಲಸೆಯ ಋತು ಮುಗಿಯುವುದರೊಳಗೆ ಈಡೇರುತ್ತದೆ. ಅಪ್ರೈಸಲ್ ನಡೆಯುವ ತಿಂಗಳಿನಲ್ಲಿ ಯಾರಿಗಾದರೂ ಇಂಥ ಕರೆ ಬಂದ ದಾಖಲೆ ಸಭೆಯ ಯಾವ ನಡವಳಿ ಪುಸ್ತಕದಲ್ಲೂ ಇಲ್ಲ.

ನಾನು ಹೇಳುತ್ತಿರುವ ಹದಿನೆಂಟು ಮಂದಿಯ ತಂಡದಲ್ಲಿ ಇಬ್ಬರು ವೈದ್ಯರು ಮತ್ತು ಒಬ್ಬ ದಂತವೈದ್ಯೆ ಇದ್ದಾರೆ. ಉಳಿದವರೆಲ್ಲರೂ ಕಟ್ಟಡ ವಿಭಾಗ. ಇವರಲ್ಲಿ ಬಹುತೇಕರು ವೈಟ್‌ಫೀಲ್ಡ್, ಸರ್ಜಾಪುರ ರಸ್ತೆಯ ಕಚೇರಿಗಳಲ್ಲಿ ಮ್ಯಾನೇಜರುಗಳಾಗಿದ್ದು, ಮನೆಯ ಗೋಡೆಗೆ ಒಂದು ಮೊಳೆ ಹೊಡೆಯಬೇಕಾದರೂ ಆ್ಯಪಿನಲ್ಲಿ ಆಳನ್ನು ಕರೆಸುವವರು. ಇವರೇ ಈಗ ಕಿಸುಮು ಪಟ್ಟಣದಾಚೆಯ ಹಳ್ಳಿಯೊಂದರಲ್ಲಿ ಎರಡು ಕೊಠಡಿಗಳ ಶಾಲೆಯನ್ನು ಸ್ವಹಸ್ತದಿಂದ ಕಟ್ಟಿಕೊಡಲು ಹೊರಟಿದ್ದಾರೆ. ಇವರು ವಾಸಿಸುವ ಅಪಾರ್ಟ್‌ಮೆಂಟನ್ನು ಕಟ್ಟಿದವರು ಯಾದಗಿರಿ, ರಾಯಚೂರು, ಕಲಬುರಗಿ ಕಡೆಯಿಂದ ಗುಳೆ ಬಂದವರು. ಕಟ್ಟಡ ಮೇಲೇಳುವಷ್ಟು ಕಾಲವೂ ಅವರ ಮಕ್ಕಳು ಶಾಲೆ ಬಿಟ್ಟು ಕಾಂಪೌಂಡಿನ ಹಿಂದಿನ ತಗಡಿನ ಶೆಡ್ಡುಗಳಲ್ಲಿ ತಮ್ಮಂದಿರನ್ನು ಎತ್ತಿಕೊಂಡು ಕೂತಿದ್ದರು. ಬಾಲ್ಕನಿಯಿಂದ ಆ ಶೆಡ್ಡುಗಳು ಕಾಣುತ್ತವೆಂದು ನಿವಾಸಿಗಳ ಸಂಘ ಬಿಲ್ಡರನಿಗೆ ಆಕ್ಷೇಪಣಾ ಪತ್ರವನ್ನೂ ಬರೆದಿತ್ತು. ಪಾಸ್‌ಪೋರ್ಟಿಲ್ಲದೆ ತಲುಪಬಹುದಾದ ಬಡತನಕ್ಕೆ ಅಷ್ಟೊಂದು ಆಧ್ಯಾತ್ಮಿಕ ಘನತೆ ಇರುವುದಿಲ್ಲವೆಂದು ತೋರುತ್ತದೆ.

ತಂಡದ ಟೀ-ಶರ್ಟಿನ ಬೆನ್ನಿನ ಮೇಲೆ ಬೈಬಲಿನ ನೆಹೆಮೀಯನ ಗ್ರಂಥವನ್ನು ಆಧರಿಸಿ ‘ಬನ್ನಿ, ಕಟ್ಟೋಣ’ ಎಂದು ಅಚ್ಚು ಹಾಕಿಸಲಾಗಿದೆ. ಆಯ್ಕೆ ಚೆನ್ನಾಗಿದೆ; ಆದರೆ ಮುಂದಿನ ಅಧ್ಯಾಯವನ್ನು ಯಾರೂ ಓದಿದಂತಿಲ್ಲ. ಅಲ್ಲಿ ಯೆರೂಸಲೇಮಿನ ಗೋಡೆಯನ್ನು ಕಟ್ಟಿದವರ ಉದ್ದನೆಯ ಪಟ್ಟಿಯಿದೆ: ಯಾಜಕರು, ಅಕ್ಕಸಾಲಿಗರು, ಗಂಧದ್ರವ್ಯ ಮಾಡುವವರು, ವರ್ತಕರು, ಎಲ್ಲರೂ ಆ ನಾಡಿನವರೇ, ಅನೇಕರು ತಮ್ಮ ತಮ್ಮ ಮನೆಯೆದುರಿನ ಭಾಗವನ್ನೇ ಕಟ್ಟಿಕೊಂಡವರು. ಕೆಲಸ ಮುಗಿದದ್ದು 52 ದಿನಗಳಲ್ಲಿ. ನೆಹೆಮೀಯನು ಆ ಮೇಲೂ ಅಲ್ಲಿಯೇ ಉಳಿದು ಒಟ್ಟು ಹನ್ನೆರಡು ವರ್ಷ ಅಧಿಪತಿಯಾಗಿದ್ದನು. ಅವನಿಗೆ ಗಳಿಕೆ ರಜೆಯ ತೊಂದರೆ ಇರಲಿಲ್ಲವೆಂದು ಕಾಣುತ್ತದೆ.

ಹತ್ತು ದಿನಗಳ ಲೆಕ್ಕವನ್ನೇ ನೋಡೋಣ. ಹೋಗಿಬರುವುದಕ್ಕೆ ಎರಡು ದಿನ, ಭಾನುವಾರದ ಆರಾಧನೆಗೂ ಸ್ವಾಗತದ ಕುಣಿತಕ್ಕೂ ಒಂದು ದಿನ, ಸೇವೆಯ ದಣಿವನ್ನು ‘ಆತ್ಮಾವಲೋಕನ’ದ ಮೂಲಕ ಆರಿಸಿಕೊಳ್ಳಲು ಮಾರಾದ ಟೆಂಟುಗಳಲ್ಲಿ ಎರಡು ದಿನ, ಉದ್ಘಾಟನೆಗೆ ಒಂದು ದಿನ. ಉಳಿಯುವುದು ನಾಲ್ಕು. ಸಿಮೆಂಟಿಗಾದರೋ ಇಷ್ಟು ಭಕ್ತಿಯಿಲ್ಲ. ಹಾಕಿದ ಕಾಂಕ್ರೀಟಿಗೆ ಕನಿಷ್ಠ ಏಳು ದಿನ ನೀರುಣಿಸಬೇಕು, ಬಿಸಿಲಿನ ಒಣಹವೆಯಲ್ಲಿ ಹತ್ತು ದಿನಕ್ಕೆ ಕಡಿಮೆಯಾಗಬಾರದು ಎಂದು ನಮ್ಮದೇ ಭಾರತೀಯ ಮಾನಕ 456 ಹೇಳುತ್ತದೆ. ಅದು ನಿರೀಕ್ಷಿತ ಬಲ ಪಡೆಯಿತೋ ಇಲ್ಲವೋ ಎಂದು ಪರೀಕ್ಷಿಸುವುದು 28ನೆಯ ದಿನ. ಅಷ್ಟರಲ್ಲಿ ನಮ್ಮ ತಂಡವು ಬೆಂಗಳೂರಿಗೆ ಮರಳಿ, ಸಭೆಯ ಮುಂದೆ ತನ್ನ ಅನುಭವದ ಸಾಕ್ಷಿಯನ್ನೂ ಹೇಳಿ, ಕ್ರಿಸ್ಮಸ್ ಗಾಯನದ ಅಭ್ಯಾಸಕ್ಕೆ ಕೂತಿರುತ್ತದೆ.

ಕೆಲಸದ ಜಾಗದಲ್ಲಿ ದಿನವೂ ಬೆಳಿಗ್ಗೆ ಎಂಟಕ್ಕೆ ಪ್ರಾರ್ಥನೆ, ಎಂಟೂಕಾಲಕ್ಕೆ ಸ್ಟ್ಯಾಂಡ್-ಅಪ್ ಮೀಟಿಂಗ್. ಮಾವಿನ ಮರದ ಬುಡಕ್ಕೆ ಆನಿಸಿದ ಹಲಗೆಯ ಮೇಲೆ ಹಳದಿ ಚೀಟಿಗಳನ್ನು ಅಂಟಿಸಿ, ‘ಇಟ್ಟಿಗೆ: ಪ್ರಗತಿಯಲ್ಲಿದೆ’, ‘ಮರಳು: ತಡೆಯಾಗಿದೆ’ ಎಂದು ಬರೆಯಲಾಗುತ್ತದೆ. ಬಳಿಕ ಹದಿನೈದು ಮಂದಿ ಸಾಲಾಗಿ ನಿಂತು ಒಬ್ಬರ ಕೈಯಿಂದ ಒಬ್ಬರ ಕೈಗೆ ಇಟ್ಟಿಗೆ ದಾಟಿಸುತ್ತಾರೆ. ಒಂದು ಕೈಗಾಡಿ ಎರಡು ಸುತ್ತಿನಲ್ಲಿ ಮುಗಿಸುವ ಕೆಲಸ ಇದರಿಂದ ಮಧ್ಯಾಹ್ನದವರೆಗೂ ಸಾಗುತ್ತದೆ, ವಿಡಿಯೊ ಮಾತ್ರ ಬಹಳ ಸೊಗಸಾಗಿ ಬರುತ್ತದೆ. ಅಲ್ಲಿನವರು ‘ಫುಂಡಿ’ ಎಂದು ಕರೆಯುವ ಹಳ್ಳಿಯ ಮೇಸ್ತ್ರಿಯು ಮೂಲೆ ಹಿಡಿದು, ದಾರ ಕಟ್ಟಿ, ತೂಗುಗುಂಡು ಬಿಟ್ಟು, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿರುತ್ತಾನೆ. ನಮ್ಮ ವೈಸ್ ಪ್ರೆಸಿಡೆಂಟರು ಕರಣೆಯಲ್ಲಿ ಗಾರೆ ಎತ್ತಿ, ಅರ್ಧವನ್ನು ಗೋಡೆಗೂ ಅರ್ಧವನ್ನು ತಮ್ಮ ಬೂಟಿಗೂ ಹಂಚಿ, ಇಟ್ಟಿಗೆಯನ್ನು ಕೂರಿಸಿ, ಎರಡು ಸಲ ತಟ್ಟಿ, ಕ್ಯಾಮೆರಾದತ್ತ ನೋಡಿ, ನೀರು ಕುಡಿಯಲು ತಿರುಗುತ್ತಾರೆ. ಆ ಕ್ಷಣದಲ್ಲಿ ಫುಂಡಿಯು ಬಾಗಿ ಆ ಇಟ್ಟಿಗೆಯನ್ನು ಒಂದು ಬೆರಳಿನಷ್ಟು ಒಳಕ್ಕೆ ಸರಿಸಿ, ಪುನಃ ಕೈಕಟ್ಟಿ ನಿಲ್ಲುತ್ತಾನೆ. ಇಡೀ ಯೋಜನೆಯಲ್ಲಿ ಶಾಲೆಯನ್ನು ಕಟ್ಟಿದ್ದು ಆ ಒಂದು ಬೆರಳು. (ಹೊಸ ಗೋಡೆ ಕಟ್ಟುವ ಉತ್ಸಾಹ ಸಭೆಗಳದಾದರೆ, ಇದ್ದ ಗೋಡೆಗೇ ಮತ್ತೆ ಮತ್ತೆ ಬಣ್ಣ ಬಳಿಯುವ ಉತ್ಸಾಹ ಕಂಪನಿಗಳದು. ಸಿಎಸ್‌ಆರ್ ಎಂಬ ಸಾಮಾಜಿಕ ಹೊಣೆಯ ಶನಿವಾರಗಳ ದೆಸೆಯಿಂದ ಬೆಂಗಳೂರಿನ ಕೆಲವು ಸರ್ಕಾರಿ ಶಾಲೆಗಳಿಗೆ ಮೇಷ್ಟರಿಗಿಂತ ಹೆಚ್ಚು ಪದರ ಬಣ್ಣ ದೊರೆತಿದೆ.)

ಔಷಧ ವಿಭಾಗದ ವೈಭವ ವಿಮಾನ ನಿಲ್ದಾಣದ ತೂಕದ ಯಂತ್ರದ ಮುಂದೆಯೇ ತೆರೆದುಕೊಂಡಿತ್ತು. ಚಪಾತಿ, ಉಪ್ಪಿನಕಾಯಿ, ಪುಳಿಯೋಗರೆ ಗೊಜ್ಜುಗಳ ನಡುವೆ ಉಳಿದ ಜಾಗದಲ್ಲಿ ‘ಮಾರಾಟಕ್ಕಲ್ಲ’ ಎಂದು ಮುದ್ರಿಸಿದ ಮಾತ್ರೆಗಳ ಪಟ್ಟಿಗಳು ಚೀಲಗಟ್ಟಲೆ ಇದ್ದವು. ಇವು ಔಷಧ ಕಂಪನಿಗಳ ಪ್ರತಿನಿಧಿಗಳು ವೈದ್ಯರ ಮೇಜಿನ ಮೇಲೆ ಬಿಟ್ಟುಹೋದ ಸ್ಯಾಂಪಲ್ಲುಗಳು. ಇಂಥ ಉಚಿತ ಸ್ಯಾಂಪಲ್ಲುಗಳನ್ನು ದಾನವಾಗಿ ಕಳುಹಿಸಬಾರದು, ದಾನದ ಔಷಧಕ್ಕೆ ತಲುಪಿದ ಮೇಲೂ ಕನಿಷ್ಠ ಒಂದು ವರ್ಷದ ಬಾಳಿಕೆ ಇರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 1990ರ ದಶಕದಿಂದಲೂ ಹೇಳುತ್ತ ಬಂದಿದೆ. ಆದರೆ ಡಿಸೆಂಬರಿನಲ್ಲಿ ಅವಧಿ ಮುಗಿಯುವ ಮಾತ್ರೆಗೆ ಅಕ್ಟೋಬರಿನಲ್ಲಿ ಮೂಡುವ ಸೇವಾಭಾವ ಎಷ್ಟು ತೀವ್ರವಾದುದೆಂಬುದು ಜಿನೀವಾದಲ್ಲಿ ಕೂತವರಿಗೆ ಅರ್ಥವಾಗುವುದಿಲ್ಲ.

ಶಿಬಿರದಲ್ಲಿ ವೃದ್ಧೆಯೊಬ್ಬರು ಮೂರು ತಾಸು ಸಾಲಿನಲ್ಲಿ ನಿಂತು ಒಳಗೆ ಬಂದರು. ರಕ್ತದೊತ್ತಡ ವಿಪರೀತವಾಗಿತ್ತು. ಆಮ್ಲೋಡಿಪಿನ್ ಐದು ಮಿಲಿಗ್ರಾಂ, ಇಪ್ಪತ್ತು ಮಾತ್ರೆ, ಒಂದು ಪ್ರಾರ್ಥನೆ, ಒಂದು ಫೋಟೊ. ಈ ಮಾತ್ರೆ ಪೂರ್ತಿ ಪರಿಣಾಮ ತೋರಲು ಒಂದೆರಡು ವಾರ ಬೇಕು, ಬಹುಮಟ್ಟಿಗೆ ಅದನ್ನು ಜೀವನಪರ್ಯಂತ ನುಂಗಬೇಕು, ನಡುನಡುವೆ ಒತ್ತಡ ನೋಡಿ ಪ್ರಮಾಣ ಬದಲಿಸಬೇಕು. ಮಾತ್ರೆಯ ಪ್ರಭಾವ ಆರಂಭವಾಗುವ ಹೊತ್ತಿಗೆ ವೈದ್ಯರು ಮಾರಾದಲ್ಲಿ ದುರ್ಬೀನು ಹಿಡಿದಿರುತ್ತಾರೆ, ಮುಗಿಯುವ ಹೊತ್ತಿಗೆ ಬೆಂಗಳೂರಿನ ಹೊರರೋಗಿ ವಿಭಾಗದಲ್ಲಿರುತ್ತಾರೆ. ಆಕೆಯ ಕೈಚೀಲದಲ್ಲಿ ಹತ್ತಿರದ ಸರ್ಕಾರಿ ಔಷಧಾಲಯದ ಚೀಟಿಯೊಂದಿತ್ತು. ಅಲ್ಲಿ ಯಾರು ಏನು ಬರೆದಿದ್ದಾರೆಂದು ನೋಡುವಷ್ಟು ಸಮಯ ಯಾರಿಗೂ ಇರಲಿಲ್ಲ, ಏಕೆಂದರೆ ಅಂದು ಮುನ್ನೂರು ರೋಗಿಗಳ ಗುರಿ ಇಟ್ಟುಕೊಳ್ಳಲಾಗಿತ್ತು. ನ್ಯಾಯವಾಗಿ ಹೇಳಬೇಕೆಂದರೆ ದಂತವೈದ್ಯೆಯ ಕೆಲಸ ಬೇರೆ. ಕಿತ್ತ ಹಲ್ಲು ಕಿತ್ತದ್ದೇ; ನೋವಿನಿಂದ ರಾತ್ರಿ ನಿದ್ದೆಯಿಲ್ಲದವರು ಅಂದು ಮಲಗಿದರು. ನಾಲ್ಕು ದಿನದಲ್ಲಿ ಮುಗಿಯುವ ಕೆಲಸವನ್ನು ಆರಿಸಿಕೊಂಡಿದ್ದು ಆಕೆ ಒಬ್ಬರೇ. ವರದಿಯ ಪುಸ್ತಿಕೆಯಲ್ಲಿ ಹಲ್ಲಿನ ಚಿತ್ರ ಚೆನ್ನಾಗಿರುವುದಿಲ್ಲವೆಂದು ಅವರ ಕೆಲಸಕ್ಕೆ ಅರ್ಧ ಪುಟವಷ್ಟೇ ಸಿಕ್ಕಿತು.

ಇಷ್ಟಕ್ಕೂ ಕೀನ್ಯಾದಲ್ಲಿ ವೈದ್ಯರಿಲ್ಲವೇ? ನೈರೋಬಿ ವಿಶ್ವವಿದ್ಯಾಲಯದಲ್ಲಿ ವೈದ್ಯಕೀಯ ಶಿಕ್ಷಣ 1967ರಿಂದಲೇ ನಡೆದಿದೆ. ಹಳ್ಳಿಯ ಚಿಕಿತ್ಸಾಲಯಗಳನ್ನು ಬಹುಪಾಲು ನಡೆಸುವ ಕ್ಲಿನಿಕಲ್ ಆಫೀಸರುಗಳೆಂಬ ತರಬೇತಾದ ವರ್ಗವೇ ಅಲ್ಲಿದೆ. 2024ರಲ್ಲಿ ಅಲ್ಲಿನ ವೈದ್ಯರು 56 ದಿನ ಮುಷ್ಕರ ಹೂಡಿದರು. ಓದು ಮುಗಿಸಿದ ಇಂಟರ್ನಿಗಳಿಗೆ ನೇಮಕಾತಿಯನ್ನೂ ಒಪ್ಪಿದ ಸಂಬಳವನ್ನೂ ಕೊಡಬೇಕೆಂಬುದು ಮುಖ್ಯ ಬೇಡಿಕೆಯಾಗಿತ್ತು, ಹಣವಿಲ್ಲವೆಂಬುದು ಸರ್ಕಾರದ ಉತ್ತರವಾಗಿತ್ತು. ಎಂದರೆ ಕೊರತೆಯಿರುವುದು ವೈದ್ಯರಿಗೆ ಕೊಡುವ ಸಂಬಳಕ್ಕೆ. ನಾವು ಒಯ್ದದ್ದು ವೈದ್ಯರನ್ನು. ಯೇಸು ಹೇಳಿದ ಕಥೆಯ ಒಳ್ಳೆಯ ಸಮಾರ್ಯದವನು ಈ ವಿಷಯದಲ್ಲಿ ಹೆಚ್ಚು ವ್ಯವಹಾರಜ್ಞನಾಗಿದ್ದ. ಗಾಯಗೊಂಡವನಿಗೆ ಆ ಹೊತ್ತಿಗೆ ಬೇಕಾದ ಆರೈಕೆ ಮಾಡಿ, ಮರುದಿನ ಛತ್ರದವನ ಕೈಗೆ ಎರಡು ದಿನಾರಿ ನಾಣ್ಯ ಇಟ್ಟು, ಹೆಚ್ಚು ಖರ್ಚಾದರೆ ಹಿಂದಿರುಗುವಾಗ ತೀರಿಸುವೆನೆಂದು ಹೇಳಿ ತನ್ನ ದಾರಿ ಹಿಡಿದ. ಅವನು ಛತ್ರಕ್ಕೆ ಸುಣ್ಣ ಬಳಿಯಲು ಸಂಬಂಧಿಕರನ್ನು ಕರೆತರಲಿಲ್ಲ. ಅವನ ಹೆಸರೂ ಇಂದಿಗೆ ಯಾರಿಗೂ ತಿಳಿಯದು. ಬ್ಯಾನರ್ ಕಟ್ಟದಿದ್ದರೆ ಹೀಗೆಯೇ ಆಗುವುದು.

ಮೇಯೋ ಹಾಲ್ ಬಳಿ ಪ್ರತಿಮೆಯಾಗಿ ನಿಂತಿರುವ ರೆವರೆಂಡ್ ಕಿಟ್ಟೆಲ್ 1853ರಲ್ಲಿ ಈ ನಾಡಿಗೆ ಬಂದರು. ಅವರ ಕನ್ನಡ ನಿಘಂಟು ಅಚ್ಚಾದದ್ದು 1894ರಲ್ಲಿ. ಅವರ ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದಾಗ ಜರ್ಮನಿಯಿಂದ ಹೆಂಚು ಹೊರುವ ಸ್ವಯಂಸೇವಕರು ಬರಲಿಲ್ಲ, ಇಲ್ಲಿನವರೇ ಕೂಲಿಗೆ ಹೆಂಚು ಸುಟ್ಟರು. ಆ ಕಾಲದ ಮಿಷನರಿಗಳ ಬಗ್ಗೆ ಆಕ್ಷೇಪಿಸಲು ಬೇಕಾದಷ್ಟಿದೆ. ಆದರೆ ಬಂದ ಊರಿನ ಭಾಷೆ ಕಲಿಯುವ ಮೊದಲೇ ಊರನ್ನು ಉದ್ಧರಿಸಿ ಹಿಂದಿರುಗಿದರೆಂಬ ಆಕ್ಷೇಪವನ್ನು ಅವರ ಮೇಲೆ ಹೊರಿಸಲಾಗದು.

ತಂಡ ಮರಳಿದ ಮೂರನೆಯ ಭಾನುವಾರ ಸಾಕ್ಷಿಯ ಆರಾಧನೆ ನಡೆಯಿತು. ‘ಅವರಲ್ಲಿ ಏನೂ ಇಲ್ಲ, ಆದರೂ ಎಷ್ಟು ಸಂತೋಷವಾಗಿದ್ದಾರೆ’ ಎಂದು ಆರು ಮಂದಿ ಬೇರೆ ಬೇರೆಯಾಗಿ ಕಣ್ಣೀರು ಹಾಕಿದರು. ಹಾಗೆ ಸಂತೋಷವಾಗಿದ್ದವರಿಗೆ ನಾವು ಹೋಗಿ ಮಾಡಿದ್ದೇನೆಂದು ಕೇಳುವುದು ಅಪಚಾರವಾದ್ದರಿಂದ ಎಲ್ಲರೂ ಚಪ್ಪಾಳೆ ತಟ್ಟಿ ಬಿರಿಯಾನಿಗೆ ನಡೆದರು.

ಅದಾದ ಮೇಲೆ ಕಿಸುಮುವಿನ ಕಡೆಯ ಸಭಾಪಾಲಕರಿಂದ ಪತ್ರ ಬಂದಿತು. ಮೊದಲ ಪ್ಯಾರಾದಲ್ಲಿ ವಂದನೆಗಳಿದ್ದವು. ಎರಡನೆಯದರಲ್ಲಿ ಗೋಡೆ ಕಿಟಕಿಯ ಮಟ್ಟದಲ್ಲೇ ನಿಂತಿದೆಯೆಂದೂ, ಫುಂಡಿಯ ಕೂಲಿ ಮತ್ತು ಛಾವಣಿಯ ತಗಡಿಗೆ ಹಣ ಬೇಕೆಂದೂ, ಒಬ್ಬ ಕ್ಲಿನಿಕಲ್ ಆಫೀಸರನ್ನು ವರ್ಷಪೂರ್ತಿ ಇಟ್ಟುಕೊಳ್ಳಲು ಹದಿನೆಂಟು ವಿಮಾನ ಟಿಕೆಟುಗಳಿಗಿಂತ ಕಡಿಮೆ ಖರ್ಚಾಗುವುದೆಂದೂ ಬಹಳ ವಿನಯದಿಂದ ಬರೆದಿತ್ತು. ಧರ್ಮಾರ್ಥ ಟ್ರಸ್ಟಿನ ಹಣವನ್ನು ದೇಶದ ಹೊರಗೆ ವಿನಿಯೋಗಿಸಿದರೆ, ವಿಶೇಷ ಅನುಮತಿಯಿಲ್ಲದ ಹೊರತು, ತೆರಿಗೆ ವಿನಾಯಿತಿ ದೊರೆಯುವುದಿಲ್ಲವೆಂದು ಖಜಾಂಚಿಗಳು ಕಾಯಿದೆ ಓದಿ ಹೇಳಿದರು. ಅದು ನಿಜ. ರಿಸರ್ವ್ ಬ್ಯಾಂಕಿನ ಯೋಜನೆಯಡಿ ಪ್ರತಿಯೊಬ್ಬ ಸದಸ್ಯರೂ ಸ್ವಂತ ಹಣದಿಂದ ವರ್ಷಕ್ಕೆ ಎರಡೂವರೆ ಲಕ್ಷ ಡಾಲರ್‌ವರೆಗೆ ಹೊರದೇಶಕ್ಕೆ ಕಳುಹಿಸಬಹುದೆಂಬುದೂ ನಿಜವೇ, ಆದರೆ ಆ ಅಂಶ ಅಂದಿನ ಕಾರ್ಯಸೂಚಿಯಲ್ಲಿರಲಿಲ್ಲ. ದೀರ್ಘ ಚರ್ಚೆಯ ನಂತರ ನಡವಳಿ ಪುಸ್ತಕದಲ್ಲಿ ಹೀಗೆ ದಾಖಲಾಯಿತು: ‘ನಮ್ಮ ಸೇವೆಯ ಅಗತ್ಯವನ್ನು ಕೀನ್ಯಾದ ಸಭೆಯವರು ಪತ್ರಮುಖೇನ ದೃಢಪಡಿಸಿರುತ್ತಾರೆ. ಛಾವಣಿಯ ಕೆಲಸಕ್ಕೆ ಹೆಚ್ಚಿನ ಕೈಗಳು ಬೇಕಾಗುವುದರಿಂದ ಮುಂದಿನ ವರ್ಷದ ತಂಡವನ್ನು ಇಪ್ಪತ್ತನಾಲ್ಕಕ್ಕೆ ಏರಿಸಲು ತೀರ್ಮಾನಿಸಲಾಯಿತು. ಎತ್ತರದ ಭಯವಿಲ್ಲದವರಿಗೆ ಆದ್ಯತೆ ನೀಡಲಾಗುವುದು.’