ಸೇತುವೆಯ ಮೇಲಿನ ನಂದಿ
ಇಂಗ್ಲೆಂಡಿನ ಹಳ್ಳಿಗಾಡಿನ ಉದ್ಯಾನಗಳ ಕುರಿತು ನಾನು ಓದಿದ ಲೇಖನವೊಂದು ಹುಲ್ಲುಹಾಸು, ಗುಲಾಬಿಗಳಿಗಷ್ಟೇ ನಿಂತಿರುವುದರಿಂದ, ಗ್ಲಾಸ್ಟರ್‌ಶೈರಿನ ಸೀಜಿನ್‌ಕೋಟ್ ತೋಟದ ಬಗ್ಗೆ ಇಷ್ಟನ್ನು ಸೇರಿಸಬಯಸುತ್ತೇನೆ. ಈಸ್ಟ್ ಇಂಡಿಯಾ ಕಂಪನಿಯ ಸೇವೆಯಲ್ಲಿ ಸಿರಿವಂತನಾಗಿ ಮರಳಿದ ಚಾರ್ಲ್ಸ್ ಕಾಕರೆಲ್, 1805ರ ಸುಮಾರಿಗೆ ವಾಸ್ತುಶಿಲ್ಪಿಯಾಗಿದ್ದ ತನ್ನ ಸೋದರ ಸ್ಯಾಮ್ಯುಯೆಲ್‌ನಿಂದ ಅಲ್ಲಿ ಮೊಗಲ್ ಶೈಲಿಯ ಮನೆ ಕಟ್ಟಿಸಿದ. ಭಾರತವನ್ನೆಲ್ಲ ಸುತ್ತಿ ಚಿತ್ರ ಬರೆದಿದ್ದ ಥಾಮಸ್ ಡೇನಿಯಲ್ ತೋಟದ ಸೇತುವೆಯನ್ನೂ ಸೂರ್ಯನ ಗುಡಿಯನ್ನೂ ರೂಪಿಸಿದ. ಸೇತುವೆಯ ತಡೆಗೋಡೆಯ ಮೇಲೆ ನಂದಿಗಳು ಕಾಲು ಮಡಚಿ ಕುಳಿತಿವೆ. ಕೆಳಗೆ ಎಲಿಫೆಂಟಾ ಗುಹೆಯನ್ನು ನೆನಪಿಸುವ ಕಂಬಗಳ ನಡುವೆ ತೊರೆ ಹರಿಯುತ್ತದೆ, ಅದನ್ನು ಕಲ್ಲಿಂದ ಕಲ್ಲಿಗೆ ಹೆಜ್ಜೆಯಿಟ್ಟು ದಾಟಬಹುದು. ಈ ಸೊಬಗಿಗೆ ತೆತ್ತ ಹಣ ನಮ್ಮ ನೆಲದಿಂದ ಹೋದದ್ದೆಂಬುದನ್ನೂ ಇಂಥ ಲೇಖನಗಳು ಹೇಳಬೇಕೆಂಬುದು ನನ್ನ ಅಭಿಪ್ರಾಯ. ಮುಂದೆ ನಾಲ್ಕನೇ ಜಾರ್ಜ್ ದೊರೆಯಾದ ಯುವರಾಜ 1807ರಲ್ಲಿ ಇಲ್ಲಿಗೆ ಬಂದಿದ್ದ. ಬ್ರೈಟನ್ನಿನ ಅವನ ಅರಮನೆಯ ಗುಮ್ಮಟಗಳಲ್ಲಿ ಇದೇ ತೋಟದ ನೆರಳಿದೆ.