ಹೊರರಾಜ್ಯದ ಕಂಪನಿ ಹೆಸರಲ್ಲಿ ಕೋಟಿ ರೂಪಾಯಿಯ ಕಾರು: ಲೆಕ್ಕ ತಪ್ಪುವುದೆಲ್ಲಿ?

ಮೂರು ಕೋಟಿ ಬೆಲೆಯ ಪೆಟ್ರೋಲ್ ಕಾರಿಗೆ ಕರ್ನಾಟಕದ ಜೀವಾವಧಿ ತೆರಿಗೆ 59 ಲಕ್ಷ 94 ಸಾವಿರ. 20 ಲಕ್ಷ ದಾಟಿದ ಕಾರಿಗೆ 18 ಪರ್ಸೆಂಟ್, ಅಂದರೆ 54 ಲಕ್ಷ. ಆ ತೆರಿಗೆಯ ಮೇಲೆ ಮತ್ತೆ 11 ಪರ್ಸೆಂಟ್ ಸೆಸ್, 5 ಲಕ್ಷ 94 ಸಾವಿರ. ಇದೇ ಕಾರನ್ನು ಮಹಾರಾಷ್ಟ್ರದಲ್ಲಿ ನೋಂದಾಯಿಸಿದರೆ ಬೆಲೆ ಎಷ್ಟೇ ಇರಲಿ, ತೆರಿಗೆಗೆ ಒಂದು ಗರಿಷ್ಠ ಮಿತಿ ಇದೆ. ಅದು ಮೊದಲು 20 ಲಕ್ಷ ಇತ್ತು, 2025ರ ಜುಲೈನಿಂದ 30 ಲಕ್ಷ. ಪುದುಚೇರಿಯಲ್ಲಂತೂ ವರ್ಷಾನುಗಟ್ಟಲೆ ಇದಕ್ಕಿಂತ ತೀರಾ ಕಮ್ಮಿ ಇತ್ತು. ಪಿವೈ-01 ಬೋರ್ಡಿನ ಕಾರುಗಳು ಬೆಂಗಳೂರಿನಲ್ಲಿ ಅಷ್ಟೊಂದು ಕಾಣುತ್ತಿದ್ದದ್ದಕ್ಕೆ ಕಾರಣ ಅಲ್ಲಿನ ಸಮುದ್ರದ ಗಾಳಿಯಲ್ಲ.

ಅಲ್ಲಿ ಮನೆ ಇದೆ ಅಂತ ಸುಳ್ಳು ಬಾಡಿಗೆ ಕರಾರು ತೋರಿಸಿ ಸ್ವಂತ ಹೆಸರಲ್ಲೇ ನಂಬರ್ ತೆಗೆಸುವುದು ಹಳೇ ದಾರಿ. 2017ರಲ್ಲಿ ಕೇರಳದಲ್ಲಿ ಇಂಥ ಪ್ರಕರಣಗಳು ಪೊಲೀಸ್ ಠಾಣೆ ಹತ್ತಿದ ಮೇಲೆ ಏಜೆಂಟರು ಹೇಳುವ ಮಾತು ಬದಲಾಯಿತು: "ಸುಳ್ಳು ವಿಳಾಸ ಯಾಕೆ ಸರ್, ಅಲ್ಲೇ ಒಂದು ಪ್ರೈವೇಟ್ ಲಿಮಿಟೆಡ್ ಮಾಡಿಬಿಡಿ. ಕಂಪನಿ ನಿಜ, ವಿಳಾಸ ನಿಜ, ಕಾರು ಕಂಪನಿಯದ್ದು. ಎಲ್ಲಾ ಲೀಗಲ್." ಅಮೆರಿಕದಲ್ಲಿ ಸೇಲ್ಸ್ ಟ್ಯಾಕ್ಸ್ ಇಲ್ಲದ ಮೊಂಟಾನಾ ರಾಜ್ಯದಲ್ಲಿ ಕಂಪನಿ ತೆರೆದು ಕಾರು ಕೊಳ್ಳುವ ಪದ್ಧತಿ ಇದೆ. ಅದನ್ನೇ ನಮ್ಮ ಏಜೆಂಟರೂ ಉದಾಹರಣೆ ಕೊಡುತ್ತಾರೆ. ಅಲ್ಲಿನ ಕಾನೂನು ಅಲ್ಲಿಗೆ. ಇಲ್ಲಿ ನೋಡಬೇಕಾದದ್ದು 1988ರ ಮೋಟಾರು ವಾಹನ ಕಾಯ್ದೆ.

ಹೆಚ್ಚಿನವರು ಬಾಯಿಪಾಠ ಮಾಡಿಕೊಂಡಿರುವುದು 47ನೇ ಸೆಕ್ಷನ್. ಒಂದು ರಾಜ್ಯದ ಗಾಡಿ ಇನ್ನೊಂದು ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಇದ್ದರೆ ಹೊಸ ನಂಬರ್ ತೆಗೆದುಕೊಳ್ಳಬೇಕು ಅನ್ನುವುದು ಅದರ ಸಾರ. 2014ರಲ್ಲಿ ಕರ್ನಾಟಕ ತನ್ನ ತೆರಿಗೆ ಕಾಯ್ದೆಗೆ ತಿದ್ದುಪಡಿ ತಂದು ಈ ಗಡುವನ್ನು 30 ದಿನಕ್ಕೆ ಇಳಿಸಿತ್ತು, ಹೈಕೋರ್ಟ್ ಅದನ್ನು ಒಪ್ಪಲಿಲ್ಲ. ಹಾಗಾಗಿ "ಒಂದು ವರ್ಷ ಯಾರೂ ಮುಟ್ಟೋಹಾಗಿಲ್ಲ" ಅನ್ನುವ ಧೈರ್ಯ. ಆದರೆ ಅದಕ್ಕೂ ಮುಂಚೆ 40ನೇ ಸೆಕ್ಷನ್ ಬರುತ್ತದೆ. ಮಾಲೀಕನ ವಾಸ ಅಥವಾ ವ್ಯವಹಾರದ ಸ್ಥಳ ಎಲ್ಲಿದೆಯೋ, ಗಾಡಿ ಸಾಮಾನ್ಯವಾಗಿ ಎಲ್ಲಿ ಇರುತ್ತದೋ ಆ ರಾಜ್ಯದಲ್ಲಿ ನೋಂದಣಿ ಆಗಬೇಕು. ಕಂಪನಿ ಪುದುಚೇರಿಯದ್ದೇ ಇರಬಹುದು, ಆದರೆ ಕಾರು ಶೋರೂಮಿನಿಂದ ನೇರ ಸದಾಶಿವನಗರದ ಪೋರ್ಟಿಕೋಗೆ ಬಂದರೆ ತಪ್ಪು ಮೊದಲನೇ ದಿನವೇ ಆಯಿತು. 12 ತಿಂಗಳ ವಿನಾಯಿತಿ ಇರುವುದು ಬೇರೆ ಕಡೆ ಇದ್ದು ಇಲ್ಲಿಗೆ ಬಂದ ಗಾಡಿಗೆ. ಇಲ್ಲೇ ಹುಟ್ಟಿ ಇಲ್ಲೇ ಬೆಳೆದ ಗಾಡಿಗೆ ಅದು ಹೇಗೆ ಅನ್ವಯಿಸುತ್ತದೆ?

ಗಾಡಿ ಎಲ್ಲಿತ್ತು ಅಂತ ಪತ್ತೆ ಮಾಡುವುದು ಈಗ ಕಷ್ಟದ ಕೆಲಸವೂ ಅಲ್ಲ. ಫಾಸ್ಟ್ಯಾಗ್ ಲೆಕ್ಕ, ಟ್ರಾಫಿಕ್ ಕ್ಯಾಮೆರಾದ ಚಲನ್‌ಗಳು, ಸರ್ವಿಸ್ ಸೆಂಟರಿನ ಜಾಬ್ ಕಾರ್ಡ್, ಹೊಗೆ ತಪಾಸಣೆಯ ಸರ್ಟಿಫಿಕೇಟ್ ಎಲ್ಲದರಲ್ಲೂ ತಾರೀಕು, ಊರು ಇರುತ್ತದೆ. 2025ರ ಜುಲೈನಲ್ಲಿ ಮಹಾರಾಷ್ಟ್ರ ನೋಂದಣಿಯ ಒಂದು ಫೆರಾರಿ ಎಸ್ಎಫ್90ಗೆ ಬೆಂಗಳೂರಿನ ಆರ್‌ಟಿಓ ಅಧಿಕಾರಿಗಳು ಟ್ಯಾಕ್ಸ್, ದಂಡ ಸೇರಿ ಕಟ್ಟಿಸಿಕೊಂಡದ್ದು 1,41,59,041 ರೂಪಾಯಿ. ಮಹಾರಾಷ್ಟ್ರದಲ್ಲಿ ಕಟ್ಟಿದ್ದು ಬೇರೆ. ಅದನ್ನು ವಾಪಸ್ ಕೇಳಬಹುದು, ಆದರೆ ಉಳಿದ ಅವಧಿಗೆ ಲೆಕ್ಕ ಹಾಕಿ, ಹಳೇ ರಾಜ್ಯದ ನಿರಾಕ್ಷೇಪಣಾ ಪತ್ರ ಅಂದರೆ ಎನ್‌ಓಸಿ ತೆಗೆದು, ಇಲ್ಲಿ ಹೊಸ ನಂಬರ್ ಆದ ಮೇಲೆ ಮಾತ್ರ.

ಇನ್ನು ಕಂಪನಿಯನ್ನು ಸಾಕುವ ಖರ್ಚು. ಏಜೆಂಟ್ ಹೇಳುವುದು ಕಂಪನಿ ತೆರೆಯುವ ಫೀಸು ಮಾತ್ರ. ಶುರುವಾದ 180 ದಿನದೊಳಗೆ ಐಎನ್‌ಸಿ-20ಎ (ವ್ಯವಹಾರ ಆರಂಭದ ಘೋಷಣೆ), ಪ್ರತಿ ವರ್ಷ ಆಡಿಟ್, ಎಓಸಿ-4 (ಲೆಕ್ಕಪತ್ರ), ಎಂಜಿಟಿ-7 ಅಥವಾ ಸಣ್ಣ ಕಂಪನಿಯಾದರೆ 7ಎ (ವಾರ್ಷಿಕ ರಿಟರ್ನ್) ಸಲ್ಲಿಸಬೇಕು. ಲೆಕ್ಕಪತ್ರ, ರಿಟರ್ನ್ ತಡವಾದರೆ ಒಂದೊಂದಕ್ಕೆ ದಿನಕ್ಕೆ 100 ರೂಪಾಯಿ. ಸಣ್ಣದು ಅನಿಸುತ್ತದೆ, ಎರಡು ವರ್ಷ ಮರೆತರೆ ಲಕ್ಷ ದಾಟುತ್ತದೆ. ವಹಿವಾಟೇ ಇಲ್ಲದ ಕಂಪನಿಯನ್ನು ರಿಜಿಸ್ಟ್ರಾರ್ ಕಂಪನಿ ಕಾಯ್ದೆಯ 248ನೇ ಸೆಕ್ಷನ್ನಿನಡಿ ಪಟ್ಟಿಯಿಂದ ತೆಗೆದುಹಾಕಬಹುದು, ನೋಂದಾಯಿತ ವಿಳಾಸಕ್ಕೇ ಬಂದು ಪರಿಶೀಲಿಸಬಹುದು. ಮೂರು ವರ್ಷ ಸತತ ಲೆಕ್ಕ ಸಲ್ಲಿಸದಿದ್ದರೆ ನಿರ್ದೇಶಕರು ಐದು ವರ್ಷಕ್ಕೆ ಅನರ್ಹರಾಗುತ್ತಾರೆ. ಒಂದು ಕಾರಿಗೋಸ್ಕರ ಮಾಡಿದ ಕಂಪನಿಯಿಂದ ನಿಜವಾಗಿ ದುಡಿಯುವ ಕಂಪನಿಯ ಕುರ್ಚಿಗೇ ಕುತ್ತು ಬಂದರೆ ಎಂಥ ಜಾಣತನ ಅದು?

ಆದಾಯ ತೆರಿಗೆಯನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದೇ ಇಲ್ಲ. ಕಂಪನಿ ಕಾರನ್ನು ನಿರ್ದೇಶಕರು ಪೂರ್ತಿ ಸ್ವಂತಕ್ಕೇ ಬಳಸಿದರೆ, ಆದಾಯ ತೆರಿಗೆ ನಿಯಮಗಳ ಲೆಕ್ಕದಲ್ಲಿ ಓಡಿಸುವ ಖರ್ಚಿನ ಜೊತೆ ಕಾರಿನ ಬೆಲೆಯ 10 ಪರ್ಸೆಂಟನ್ನೂ ಸವೆತ ಅಂತ ಅವರ ಆದಾಯಕ್ಕೆ ಸೇರಿಸಬೇಕು. ಮೂರು ಕೋಟಿಗೆ ವರ್ಷಕ್ಕೆ 30 ಲಕ್ಷ. 30 ಪರ್ಸೆಂಟ್ ದರದಲ್ಲಿ ತೆರಿಗೆಯೇ 9 ಲಕ್ಷ, ಸರ್ಚಾರ್ಜ್ ಬೇರೆ. ಉಳಿಸಿದ ರೋಡ್ ಟ್ಯಾಕ್ಸು ನಾಲ್ಕೈದು ವರ್ಷಕ್ಕೆ ಇದರಲ್ಲೇ ಕರಗುತ್ತದೆ. ಇನ್ನು ಕಂಪನಿ ಕೊಂಡ ಕಾರಿನ ಜಿಎಸ್‌ಟಿ ಇನ್‌ಪುಟ್ ಕ್ರೆಡಿಟ್ ಸಿಗುತ್ತದೆ ಅಂತ ಯಾರಾದರೂ ಹೇಳಿದರೆ, 13 ಸೀಟಿನೊಳಗಿನ ಗಾಡಿಗೆ ಜಿಎಸ್‌ಟಿ ಕಾಯ್ದೆಯ 17(5)ನೇ ಸೆಕ್ಷನ್ನಿನಲ್ಲಿ ಅದಕ್ಕೆ ತಡೆ ಇದೆ. ಕಾರು ವ್ಯಾಪಾರ, ಟ್ಯಾಕ್ಸಿ, ಡ್ರೈವಿಂಗ್ ಸ್ಕೂಲಿನಂಥ ಕೆಲವರಿಗೆ ಮಾತ್ರ ವಿನಾಯಿತಿ.

ಇದೆಲ್ಲ ದುಡ್ಡಿನ ಲೆಕ್ಕ, ಕಟ್ಟಿದರೆ ಮುಗಿಯಿತು. ನನ್ನನ್ನು ಕೇಳಿದರೆ ನಿಜವಾದ ಅಪಾಯ ಇರುವುದು ಇನ್ಶೂರೆನ್ಸ್‌ನಲ್ಲಿ.

ಮೊದಲಿಗೆ ಪ್ರೀಮಿಯಂ. ಖಾಸಗಿ ಕಾರಿನ ಓನ್ ಡ್ಯಾಮೇಜ್ (ಸ್ವಂತ ಗಾಡಿಗಾದ ಹಾನಿಯ ವಿಮೆ) ದರಕ್ಕೆ ದೇಶವನ್ನು ಎರಡು ವಲಯ ಮಾಡಿದ್ದಾರೆ. ಬೆಂಗಳೂರು, ಚೆನ್ನೈ, ಮುಂಬೈ, ದೆಹಲಿ, ಕೋಲ್ಕತ್ತ, ಹೈದರಾಬಾದ್, ಪುಣೆ, ಅಹಮದಾಬಾದ್ 'ಎ' ವಲಯ, ಮಿಕ್ಕಿದ್ದೆಲ್ಲ 'ಬಿ'. ವಲಯ ಯಾವುದೆಂದು ತೀರ್ಮಾನವಾಗುವುದು ನೋಂದಣಿಯಾದ ಊರಿನ ಮೇಲೆ. 1500 ಸಿಸಿ ಮೇಲ್ಪಟ್ಟ ಹೊಸ ಕಾರಿಗೆ ಹಳೆಯ ಟ್ಯಾರಿಫ್ ಪ್ರಕಾರ 'ಎ' ವಲಯಕ್ಕೆ 3.440 ಪರ್ಸೆಂಟ್, 'ಬಿ'ಗೆ 3.343. ಮೂರು ಕೋಟಿ ಐಡಿವಿಗೆ (ವಿಮೆ ಮಾಡಿಸಿದ ಮೌಲ್ಯಕ್ಕೆ) ವ್ಯತ್ಯಾಸ ಬರೀ 29,100 ರೂಪಾಯಿ, ಡಿಸ್ಕೌಂಟ್ ಹಾಕಿದ ಮೇಲೆ ಇನ್ನೂ ಕಮ್ಮಿ. ಥರ್ಡ್ ಪಾರ್ಟಿ ಎಲ್ಲ ಕಡೆ ಒಂದೇ. ಈ ಜುಜುಬಿ ಉಳಿತಾಯಕ್ಕೆ ತೆರುವ ಬೆಲೆ ಏನು ಗೊತ್ತೇ? ಪ್ರಪೋಸಲ್ ಫಾರಂನಲ್ಲಿ ಗಾಡಿ ಎಲ್ಲಿ ಇರುತ್ತದೆ, ಯಾರು ಓಡಿಸುತ್ತಾರೆ ಅಂತ ಕೇಳಿದ್ದಕ್ಕೆ ಸುಳ್ಳು ಬರೆದಿರುತ್ತೀರಿ. ವಿಮೆ ನಿಂತಿರುವುದೇ ಏನನ್ನೂ ಮುಚ್ಚಿಡಬಾರದು ಅನ್ನುವ ಪರಮ ವಿಶ್ವಾಸದ ತತ್ವದ ಮೇಲೆ. ಬಂಪರ್ ಉಜ್ಜಿದ ಕ್ಲೈಮಿಗೆ ಯಾರೂ ಕೆದಕುವುದಿಲ್ಲ. ಕಾರು ಸುಟ್ಟುಹೋಯಿತು, ಕಳುವಾಯಿತು ಅಂದರೆ ವಿಮಾ ಕಂಪನಿ ತನಿಖೆಗಾರನನ್ನು ಕಳಿಸುತ್ತದೆ. ಅವನು ಮೊದಲು ನೋಡುವುದೇ ಆರ್‌ಸಿ ವಿಳಾಸ ಒಂದು ಕಡೆ, ಎಫ್‌ಐಆರ್ ಇನ್ನೊಂದು ಕಡೆ ಯಾಕಿದೆ ಅನ್ನುವುದನ್ನು. ಕ್ಲೈಮ್ ಪೂರ್ತಿ ತಿರಸ್ಕಾರ ಆಗದೆಯೂ ಇರಬಹುದು. ಆದರೆ ಕೋಟಿಗಟ್ಟಲೆ ಹಣಕ್ಕೆ ತಿಂಗಳುಗಟ್ಟಲೆ ಪತ್ರ ಬರೆಯುತ್ತಾ ಕೂರಬೇಕು.

ಎರಡನೆಯದು, ಕಂಪನಿ ಹೆಸರಿನ ಗಾಡಿಗೆ ಓನರ್-ಡ್ರೈವರ್ ವೈಯಕ್ತಿಕ ಅಪಘಾತ ವಿಮೆ ಬರುವುದೇ ಇಲ್ಲ. ಆ 15 ಲಕ್ಷದ ರಕ್ಷಣೆ ವ್ಯಕ್ತಿಯೇ ಮಾಲೀಕನಾಗಿದ್ದಾಗ ಮಾತ್ರ. ಕಂಪನಿಗೆ ಲೈಸೆನ್ಸ್ ಇರುವುದಿಲ್ಲವಲ್ಲ. ಸ್ಟೀರಿಂಗ್ ಹಿಡಿದ ನಿರ್ದೇಶಕರು ಬೇರೆಯಾಗಿಯೇ ಅಪಘಾತ ಪಾಲಿಸಿ ತೆಗೆದುಕೊಂಡಿರಬೇಕು. ಹಳೇ ಕಾರಿನಲ್ಲಿ ಗಳಿಸಿದ 50 ಪರ್ಸೆಂಟ್ ನೋ ಕ್ಲೈಮ್ ಬೋನಸ್ಸೂ ವ್ಯಕ್ತಿಯದ್ದು, ಕಂಪನಿಯ ಪಾಲಿಸಿಗೆ ಅದನ್ನು ತರಲಾಗುವುದಿಲ್ಲ.

ಮೂರನೆಯದು ಜಾಣರು ಬೀಳುವ ಹಳ್ಳ. ಆದಾಯ ತೆರಿಗೆ ತಪ್ಪಿಸಲು ಕೆಲವು ಸಲಹೆಗಾರರು ಕಂಪನಿಗೂ ನಿರ್ದೇಶಕರಿಗೂ ನಡುವೆ ಕಾರಿನ ಬಾಡಿಗೆ ಕರಾರು ಮಾಡಿಸುತ್ತಾರೆ. ಖಾಸಗಿ ಕಾರಿನ ಪಾಲಿಸಿಯಲ್ಲಿ ಬಳಕೆಯ ಮಿತಿ ಅಂತ ಒಂದು ಸಾಲಿದೆ: ಬಾಡಿಗೆಗೆ ಓಡಿಸುವಂತಿಲ್ಲ. ಕರಾರಿನ ಆ ಹಾಳೆ ಸರ್ವೇಯರ್ ಕೈಗೆ ಸಿಕ್ಕರೆ ಬಿಳಿ ಬೋರ್ಡಿನ ಗಾಡಿಯನ್ನು ಬಾಡಿಗೆಗೆ ಬಿಟ್ಟಿದ್ದಕ್ಕೆ ನೀವೇ ಸಾಕ್ಷಿ ಕೊಟ್ಟಂತೆ.

ಕ್ಲೈಮ್ ಪಾಸಾದರೂ ಹಣ ಕಂಪನಿಯ ಖಾತೆಗೇ ಬರುವುದು. ಕಳುವಾದ ಕೇಸಿನಲ್ಲಿ ಪೊಲೀಸರ 'ಪತ್ತೆಯಾಗಿಲ್ಲ' ವರದಿ, ಎರಡೂ ಕೀಲಿ, ಎನ್‌ಓಸಿಯ ಫಾರಂ 28, ಮಾಲೀಕತ್ವ ವರ್ಗಾವಣೆಯ ಫಾರಂ 29, 30, ಸಾಲ ಇದ್ದರೆ ಬ್ಯಾಂಕಿನ ಫಾರಂ 35, ಜೊತೆಗೆ ಸಹಿ ಮಾಡುವವರಿಗೆ ಅಧಿಕಾರ ಕೊಟ್ಟ ಬೋರ್ಡ್ ನಿರ್ಣಯ ಬೇಕು. ಲೆಕ್ಕ ಸಲ್ಲಿಸದೆ ಕಂಪನಿ ಪಟ್ಟಿಯಿಂದ ಹೊರಬಿದ್ದಿದ್ದರೆ ಸಹಿ ಮಾಡಲು ನಿರ್ದೇಶಕರೂ ಇಲ್ಲ, ಹಣ ಹಾಕಿಸಿಕೊಳ್ಳಲು ಖಾತೆಯೂ ಇಲ್ಲ. ಮೊದಲು ಕಂಪನಿ ಕಾನೂನು ನ್ಯಾಯಮಂಡಳಿಗೆ (ಎನ್‌ಸಿಎಲ್‌ಟಿ) ಹೋಗಿ ಕಂಪನಿಗೆ ಜೀವ ಬರಿಸಬೇಕು.

ಕರ್ನಾಟಕದ ತೆರಿಗೆ ಅನ್ಯಾಯ ಅನ್ನುವವರ ಜೊತೆ ನನಗೆ ಜಗಳವಿಲ್ಲ. ಸರಿಸುಮಾರು 20 ಪರ್ಸೆಂಟ್ ಕಿತ್ತುಕೊಂಡು ಗುಂಡಿ ಬಿದ್ದ ರಸ್ತೆ ಕೊಟ್ಟರೆ ಯಾರಿಗಾದರೂ ಉರಿಯುತ್ತದೆ. ಆದರೆ ಸಣ್ಣ ಮಾರುತಿ ಕೊಂಡವನಿಗೆ ಹೊರರಾಜ್ಯದ ಕಂಪನಿ ತೆರೆಯುವ ಸೌಲಭ್ಯ ಇಲ್ಲ, ಅವನು ತೆಪ್ಪಗೆ ಕಟ್ಟುತ್ತಾನೆ ಅನ್ನುವುದೂ ಅಷ್ಟೇ ನಿಜ. ಸಕ್ರಮ ದಾರಿ ಬೇಕಿದ್ದರೆ 2021ರ ಸೆಪ್ಟೆಂಬರ್ 15ರಿಂದ ರಾಜ್ಯ ಬದಲಾದಾಗಲೆಲ್ಲ ಹೊಸ ನಂಬರ್ ಬೇಡದ ಬಿಎಚ್ ಸರಣಿ ಇದೆ. ಸರ್ಕಾರಿ ನೌಕರರಿಗೆ, ನಾಲ್ಕು ಅಥವಾ ಹೆಚ್ಚು ರಾಜ್ಯಗಳಲ್ಲಿ ಕಚೇರಿ ಇರುವ ಖಾಸಗಿ ಕಂಪನಿಯ ನೌಕರರಿಗೆ (ಕೆಲಸ ಕೊಟ್ಟವರ ಪ್ರಮಾಣಪತ್ರವಾದ ಫಾರಂ 60 ಕೊಟ್ಟರೆ). 20 ಲಕ್ಷ ಮೇಲ್ಪಟ್ಟದ್ದಕ್ಕೆ 12 ಪರ್ಸೆಂಟ್ ದರ, ಡೀಸೆಲ್ ಆದರೆ 2 ಹೆಚ್ಚು, ಎಲೆಕ್ಟ್ರಿಕ್ ಆದರೆ 2 ಕಮ್ಮಿ, ಎರಡೆರಡು ವರ್ಷದ ಕಂತಿನಲ್ಲಿ ಕಟ್ಟುವುದು. ಕಾರು ಮಾತ್ರ ನೌಕರನ ಸ್ವಂತ ಹೆಸರಲ್ಲಿರಬೇಕು, ಕಂಪನಿ ಹೆಸರಲ್ಲಿ ಸಿಗುವುದಿಲ್ಲ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರಿಗೆ ಒಂದು ಮಾತು. ಮಾರುಕಟ್ಟೆಗಿಂತ ಹತ್ತಿಪ್ಪತ್ತು ಲಕ್ಷ ಕಮ್ಮಿಗೆ ಹೊರರಾಜ್ಯದ ಕಂಪನಿಯ ಕಾರು ಸಿಗುತ್ತಿದ್ದರೆ, ಕಟ್ಟದ ತೆರಿಗೆಯನ್ನು ನಿಮ್ಮ ತಲೆಗೆ ಕಟ್ಟುತ್ತಿದ್ದಾರೆ ಅಂತಲೇ ತಿಳಿಯಿರಿ. ಕೇಂದ್ರದ ಕಂಪನಿ ವ್ಯವಹಾರಗಳ ಸಚಿವಾಲಯದ (ಎಂಸಿಎ) ಪೋರ್ಟಲ್‌ನಲ್ಲಿ ಆ ಕಂಪನಿ 'ಆಕ್ಟಿವ್' ಇದೆಯೇ ನೋಡಿ. ಫಾರಂ 29, 30ರ ಮೇಲೆ ಸೀಲು, ಬೋರ್ಡ್ ನಿರ್ಣಯ ಎರಡೂ ಕೇಳಿ. ಥರ್ಡ್ ಪಾರ್ಟಿ ವಿಮೆ ನಿಮ್ಮ ಹೆಸರಿಗೆ ಬಂದಂತೆ ಕಾಯ್ದೆ ಪರಿಗಣಿಸುತ್ತದೆ, ಓನ್ ಡ್ಯಾಮೇಜ್ ಹಾಗಲ್ಲ. 14 ದಿನದೊಳಗೆ ವರ್ಗಾವಣೆಗೆ ಅರ್ಜಿ ಹಾಕದೆ ಗಾಡಿ ಗುದ್ದಿಸಿಕೊಂಡರೆ ರಿಪೇರಿ ಖರ್ಚು ನಿಮ್ಮದೇ.

ಈಗಾಗಲೇ ಸಿಕ್ಕಿಕೊಂಡಿದ್ದೀರಾ? ನೋಟಿಸ್ ಬರುವವರೆಗೆ ಕಾಯಬೇಡಿ. ಬಾಕಿ ಚಲನ್ ಎಲ್ಲ ತೀರಿಸಿ, ಸಾಲ ಇದ್ದರೆ ಬ್ಯಾಂಕಿನ ಒಪ್ಪಿಗೆ ಪತ್ರ ತೆಗೆದುಕೊಳ್ಳಿ. ವಾಹನ್ ಪೋರ್ಟಲ್‌ನಲ್ಲಿ ಫಾರಂ 28 ಹಾಕಿ. ಚಾಸಿಸ್ ನಂಬರಿನ ಪೆನ್ಸಿಲ್ ಪ್ರಿಂಟ್, ವಿಮೆ, ಹೊಗೆ ಸರ್ಟಿಫಿಕೇಟ್, ಟ್ಯಾಕ್ಸ್ ರಸೀದಿ ಜೊತೆಗಿರಲಿ. ಹೆಚ್ಚಿನ ಅರ್ಜಿ ವಾಪಸ್ ಬರುವುದು ಇಂಜಿನ್ ನಂಬರಿನ ಒಂದು ಅಕ್ಷರ ಆರ್‌ಸಿಗೂ ಪಾಲಿಸಿಗೂ ತಾಳೆಯಾಗದೆ. ಎನ್‌ಓಸಿ ಬಂದ ಮೇಲೆ ಇಲ್ಲಿ ಹೊಸ ನಂಬರಿಗೆ ಫಾರಂ 27, ಹೆಸರು ಬದಲಾಗುವುದಿದ್ದರೆ 29, 30. ತೆರಿಗೆಯನ್ನು ಗಾಡಿಯ ವಯಸ್ಸು ನೋಡಿ ಇಳಿಸಿ ಹಾಕುತ್ತಾರೆ. ಹೊಸ ನಂಬರ್ ಬಂದ ದಿನವೇ ವಿಮಾ ಕಂಪನಿಗೆ ತಿಳಿಸಿ ಎಂಡಾರ್ಸ್‌ಮೆಂಟ್ (ಪಾಲಿಸಿಯಲ್ಲಿ ಬದಲಾವಣೆ) ಮಾಡಿಸಿ, ವಲಯ ಬದಲಾದದ್ದಕ್ಕೆ ವ್ಯತ್ಯಾಸದ ಪ್ರೀಮಿಯಂ ಕಟ್ಟಿ. ಹಳೇ ರಾಜ್ಯಕ್ಕೆ ರೀಫಂಡ್ ಅರ್ಜಿ ಕೊನೆಗೆ. ಆ ಹಣ ಬರುವುದು ಹಳೇ ಕಂಪನಿಯ ಖಾತೆಗೆ, ಅಲ್ಲಿಯತನಕ ಆ ಖಾತೆ ಮುಚ್ಚಬೇಡಿ.